ಅರ್ಧ ಹಣೆಗೆ ಮಾತ್ರ ಗುಳ್ಳೆ ಬಂದರೆ ಒಂದು ದಿನವೂ ಕಾಯಬೇಡಿ

ಅಮ್ಮನ ಬಲಗಣ್ಣಿಗೆ ಈಗ ಎಲ್ಲವೂ ಮಂಜು ಕವಿದ ಹಾಗೆ ಕಾಣುತ್ತದೆ. ಕೊಡಗಿನವರಿಗೆ ಮಂಜೇನು ಹೊಸದಾ ಅಂತ ಅವರೇ ತಮಾಷೆ ಮಾಡುತ್ತಾರೆ. ನನಗೆ ನಗು ಬರುವುದಿಲ್ಲ. ಆ ಮಂಜಿನಲ್ಲಿ ನನ್ನ ಪಾಲೂ ಇದೆ. ಅವರಿಗೆ ಸರ್ಪಸುತ್ತಿನ ಗುಳ್ಳೆ ಎದ್ದ ಮೇಲೆ ಐದು ದಿನ ಸುಮ್ನೆ ಕಳೆದೆ. ಸುಮ್ನೆ ಅಂದರೆ ಏನೂ ಮಾಡದೆ ಅಲ್ಲ, ಮಾಡಬಾರದ್ದೆಲ್ಲ ಮಾಡುತ್ತಾ.

ಹೋದ ಜನವರಿಯ ಮಾತು. ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಚಿಕ್ಕ ತೋಟ. ರೋಬಸ್ಟಾ ಕೊಯ್ಲು ಶುರುವಾಗಿತ್ತು. ಕೊಯ್ಲಿನ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಕಾಯಿಲೆ ಬೀಳುವುದಕ್ಕೂ ಪುರುಸೊತ್ತು ಇರುವುದಿಲ್ಲ. ಸೋಮವಾರ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಅಮ್ಮ, "ಬಲಗಡೆ ಬಾಚಣಿಗೆ ತಾಗಿದರೆ ಉರಿಯುತ್ತೆ ಕಣೋ" ಅಂದರು. ನೋಡಿದೆ. ಚರ್ಮದ ಮೇಲೆ ಏನೂ ಇಲ್ಲ. ಥಂಡಿ ಅಂದುಕೊಂಡೆವು. ಬಾಮ್ ಹಚ್ಚಿ, ತಲೆಗೆ ಬಟ್ಟೆ ಕಟ್ಟಿ, ಕಣಕ್ಕೆ ಕಾಫಿ ಹರವಲು ಹೋದರು.

ಬುಧವಾರ ಬೆಳಿಗ್ಗೆ ಹಣೆ ಕೆಂಪಾಗಿತ್ತು. ಕೆಂಪಿನ ಮೇಲೆ ನೆನೆದ ಸಾಬಕ್ಕಿಯಂಥ ಗುಳ್ಳೆಗಳು, ಗೊಂಚಲು ಗೊಂಚಲಾಗಿ. ಬಲಹುಬ್ಬಿನಿಂದ ಶುರುವಾಗಿ ಕೂದಲೊಳಗೆ ಹೋಗಿ ಬೈತಲೆಯ ಹತ್ತಿರ ನಿಂತಿದ್ದವು. ಗೆರೆ ಎಳೆದು ನಿಲ್ಲಿಸಿದ ಹಾಗೆ. ಕುಂಕುಮದ ಆ ಕಡೆಗೆ ಒಂದೇ ಒಂದು ಗುಳ್ಳೆ ಇಲ್ಲ. ಮೂಗಿನ ತುದಿಯಲ್ಲಿ ಮಾತ್ರ ಒಂದು ಚಿಕ್ಕದು, ಬಲಗಡೆಗೆ. ಆ ಚಿಕ್ಕದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದರ ಕಥೆ ಆಮೇಲೆ ಹೇಳುತ್ತೇನೆ.

ತೋಟದಲ್ಲಿರುವವರಿಗೆ ಗುಳ್ಳೆಗೆ ಕಾರಣ ಹುಡುಕುವುದು ಸುಲಭ. ಚಗಳಿ ಕಚ್ಚಿರಬೇಕು. ಕಂಬಳಿಹುಳ ಬಿದ್ದಿರಬೇಕು. ಕಾಡುಗೇರಿನ ಸೊನೆ ಸಿಡಿದಿರಬೇಕು. ಕಂಬಳಿಹುಳ ಅಷ್ಟು ಸರಿಯಾಗಿ ಅರ್ಧ ಹಣೆಗೆ ಮಾತ್ರ ಹೇಗೆ ಬೀಳುತ್ತದೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಗುರುವಾರ ಮೆಡಿಕಲ್ ಶಾಪಿಗೆ ಹೋಗಿ ಮೊಬೈಲಿನಲ್ಲಿ ಫೋಟೋ ತೋರಿಸಿದೆ. "ಅಲರ್ಜಿ ಅಣ್ಣ, ಇದು ಹಚ್ಚಿ, ಎರಡು ದಿನದಲ್ಲಿ ಒಣಗುತ್ತೆ" ಅಂತ ಒಂದು ಟ್ಯೂಬ್ ಕೊಟ್ಟರು. ಸ್ಟೀರಾಯ್ಡ್, ಫಂಗಸ್ಸಿನ ಮದ್ದು, ಆ್ಯಂಟಿಬಯಾಟಿಕ್ ಮೂರನ್ನೂ ಸೇರಿಸಿದ ಮುಲಾಮು. ಇದನ್ನು ನೀವೂ ನೋಡಿರುತ್ತೀರಿ. ತುರಿಕೆ, ಹುಳುಕಡ್ಡಿ, ಮೊಡವೆ, ಎಲ್ಲದಕ್ಕೂ ನಮ್ಮ ಕಡೆ ಕೊಡುವುದು ಇದನ್ನೇ. ಹಚ್ಚಿದ ಮೇಲೆ ಕೆಂಪು ಸ್ವಲ್ಪ ಇಳಿದ ಹಾಗೆ ಕಂಡಿತು. ನಾನು ಮೋಸ ಹೋಗಿದ್ದು ಅಲ್ಲೇ. ಸ್ಟೀರಾಯ್ಡ್ ಊತವನ್ನು, ಕೆಂಪನ್ನು ಅಡಗಿಸುತ್ತದೆ. ಜೊತೆಗೆ ವೈರಸ್ಸಿನ ವಿರುದ್ಧ ಚರ್ಮ ನಡೆಸುತ್ತಿದ್ದ ಹೋರಾಟವನ್ನೂ ಅಡಗಿಸುತ್ತದೆ. ಆ ಟ್ಯೂಬಿನಲ್ಲಿದ್ದ ಮೂರರಲ್ಲಿ ಒಂದಕ್ಕೂ ವೈರಸ್ಸನ್ನು ತಡೆಯುವ ಶಕ್ತಿ ಇರಲಿಲ್ಲ.

ಶನಿವಾರ ಪಕ್ಕದ ತೋಟದ ಅಜ್ಜಿ ಬಂದರು. ನೋಡಿದ ಕೂಡಲೇ, "ಇದು ಸರ್ಪಸುತ್ತು" ಅಂದರು. ಕಾಯಿಲೆಯ ಹೆಸರು ಸರಿಯಾಗಿಯೇ ಹೇಳಿದರು. ಇಡೀ ಊರಿನಲ್ಲಿ ಸರಿಯಾಗಿ ಹೇಳಿದವರು ಅವರೊಬ್ಬರೇ. ಆದರೆ ಮದ್ದು ಅಂತ ಹೇಳಿದ್ದು ಕೆಮ್ಮಣ್ಣು ಮತ್ತು ಗರಿಕೆ ರಸ. ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವ ಉಳಿಯುವುದಿಲ್ಲ ಅಂತಲೂ ಹೇಳಿದರು. ಅಪ್ಪ ಎಷ್ಟೋ ವರ್ಷದ ಹಿಂದೆ ಕಣದಲ್ಲಿ ಒಂದು ನಾಗರಹಾವು ಹೊಡೆದಿದ್ದರು. ಅದೂ ನೆನಪಿಗೆ ಬಂತು. ಆವತ್ತು ರಾತ್ರಿ ಅಮ್ಮ ನಿದ್ದೆ ಮಾಡಲಿಲ್ಲ. ನೋವಿಗಿಂತ ಹೆದರಿಕೆ ಜಾಸ್ತಿ ಆಗಿತ್ತು. ಕನ್ನಡಿ ಹಿಡಿದುಕೊಂಡು, ಆ ಕಡೆಗೆ ಹೋಗಿದೆಯಾ ಅಂತ ನೋಡುತ್ತಾ ಕೂತಿದ್ದರು.

ನಮ್ಮ ತಂಗಿ ಹೆರಿಗೆಗೆ ಅಂತ ಮನೆಗೆ ಬಂದಿದ್ದಳು, ಏಳು ತಿಂಗಳು. ಅವಳೇ ಕಲ್ಲಿನ ಮೇಲೆ ಕೆಮ್ಮಣ್ಣು ಅರೆದಳು. ಅವಳೇ ಹಚ್ಚಿದಳು. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

ಭಾನುವಾರ ಬಲಗಣ್ಣು ಊದಿ ಮುಚ್ಚಿತು. ಸೋಮವಾರ ಬೆಳಿಗ್ಗೆ ಕಷ್ಟಪಟ್ಟು ತೆರೆದಾಗ ಬಿಳಿಭಾಗ ಕೆಂಪು ಕೆಂಪು. ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಆಗ ಜೀಪು ತೆಗೆದೆ.

ಮಡಿಕೇರಿಯಲ್ಲಿ ಚರ್ಮದ ಡಾಕ್ಟರ್ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ. "ಹರ್ಪಿಸ್ ಜೋಸ್ಟರ್, ಅದೇ ಸರ್ಪಸುತ್ತು. ಗುಳ್ಳೆ ಎದ್ದು ಎಷ್ಟು ದಿನ ಆಯ್ತು?" ಅಂತ ಕೇಳಿದರು. ಐದು ದಿನ ಅಂದೆ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "72 ಗಂಟೆಯೊಳಗೆ ಬಂದಿದ್ದರೆ ಔಷಧ ತುಂಬಾ ಚೆನ್ನಾಗಿ ಕೆಲಸ ಮಾಡುತ್ತಿತ್ತು" ಅಂದರು.

ಬುಧವಾರ ಗುಳ್ಳೆ ಎದ್ದಿದ್ದು. 72 ಗಂಟೆ ಅಂದರೆ ಶನಿವಾರ. ಆ ಶನಿವಾರ ನಾವು ಕೆಮ್ಮಣ್ಣು ಅರೆಯುತ್ತಿದ್ದೆವು.

ಆಮೇಲೆ ಅವರು ಮೂಗಿನ ತುದಿಯ ಆ ಒಂದು ಗುಳ್ಳೆಯನ್ನು ಬೆರಳಿನಿಂದ ತೋರಿಸಿದರು. ಹಣೆಗೆ ಬರುವ ನರದ ಒಂದು ಕವಲು ಕಣ್ಣಿನೊಳಕ್ಕೂ ಹೋಗುತ್ತದಂತೆ, ಮೂಗಿನ ತುದಿಗೂ ಬರುತ್ತದಂತೆ. ಹಾಗಾಗಿ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿಗೂ ತಗಲುವ ಸಂಭವ ಜಾಸ್ತಿ. ಹಚಿನ್ಸನ್ ಅಂತ ಇಂಗ್ಲೆಂಡಿನ ಒಬ್ಬ ವೈದ್ಯರು 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಈಗಲೂ ಡಾಕ್ಟರುಗಳು ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಮೂಗಿನ ಮೇಲೆ ಗುಳ್ಳೆ ಇಲ್ಲ ಅಂದ ಮಾತ್ರಕ್ಕೆ ಕಣ್ಣಿಗೆ ಅಪಾಯವಿಲ್ಲ ಅಂತಲೂ ಅಲ್ಲ. ಹಣೆ, ರೆಪ್ಪೆ, ಮೂಗು, ಎಲ್ಲಿ ಬಂದರೂ ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು.

ಮೊದಲ ಮಾತ್ರೆ ಅಲ್ಲೇ ನುಂಗಿಸಿ ಮೈಸೂರಿಗೆ ಕಳಿಸಿದರು. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ದಾರಿ ನಮ್ಮ ಸುಂಟಿಕೊಪ್ಪದ ಮೇಲೆಯೇ ಹೋಗುತ್ತದೆ. ಕುಶಾಲನಗರ ದಾಟುವವರೆಗೂ ಅಮ್ಮ ಸೆರಗಿನಿಂದ ಕಣ್ಣು ಮುಚ್ಚಿಕೊಂಡು ಕೂತಿದ್ದರು.

ಮೈಸೂರಿನಲ್ಲಿ ಗದ್ದವನ್ನು ಯಂತ್ರದ ಮೇಲೆ ಇಡಿಸಿ, ಕಣ್ಣಿಗೆ ಬಣ್ಣ ಹಾಕಿ, ನೀಲಿ ಬೆಳಕಿನಲ್ಲಿ ನೋಡಿದರು. ಕರಿಗುಡ್ಡೆಯ ಮುಂದಿನ ಪಾರದರ್ಶಕ ಪದರದ ಮೇಲೆ ಕವಲು ಕವಲಾದ ಗಾಯಗಳಿದ್ದವು. ಒಳಗೂ ಉರಿಯೂತ ಇತ್ತು, ಕಣ್ಣಿನ ಒತ್ತಡ ಏರಿತ್ತು. ಹತ್ತಿಯ ಎಳೆಯಿಂದ ಆ ಪದರವನ್ನು ಮುಟ್ಟಿದರು. ಎಡಗಣ್ಣು ತಟ್ಟನೆ ಮುಚ್ಚಿತು. ಬಲಗಣ್ಣು ಸುಮ್ಮನಿತ್ತು. ನರಕ್ಕೆ ಏಟು ಬಿದ್ದು ಸ್ಪರ್ಶ ಹೋಗಿದೆ, ಇನ್ನು ಕಸ ಬಿದ್ದರೂ ಇವರಿಗೆ ಸರಿಯಾಗಿ ಗೊತ್ತಾಗುವುದಿಲ್ಲ ಅಂದರು.

ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಅಮ್ಮನಿಗೆ ಸಕ್ಕರೆ ಕಾಯಿಲೆ ಇದೆ, ವಯಸ್ಸು 67. ಹಾಗಾಗಿ ಕಿಡ್ನಿ ಹೇಗಿದೆ ಅಂತ ರಕ್ತಪರೀಕ್ಷೆ ಮಾಡಿಸಿದರು. ಕಿಡ್ನಿ ಸರಿಯಿಲ್ಲದಿದ್ದರೆ ಡೋಸು ಇಳಿಸಬೇಕಾಗುತ್ತದೆ. ನೀರು ಚೆನ್ನಾಗಿ ಕುಡಿಸಿ ಅಂದರು. 72 ಗಂಟೆ ದಾಟಿದರೂ, ಕಣ್ಣಿಗೆ ತಗಲಿದ್ದರೆ ಅಥವಾ ಹೊಸ ಗುಳ್ಳೆ ಏಳುತ್ತಲೇ ಇದ್ದರೆ ಈ ಮಾತ್ರೆ ಕೊಡುತ್ತಾರೆ. ಹಾಗಾಗಿ ತಡ ಆಯ್ತು, ಇನ್ನು ಹೋಗಿ ಏನು ಪ್ರಯೋಜನ ಅಂತ ಯಾರೂ ಮನೆಯಲ್ಲೇ ಉಳಿಯಬೇಡಿ. ಕಣ್ಣಿಗೆ ಹಾಕಲು ಸ್ಟೀರಾಯ್ಡ್ ಹನಿಯನ್ನೂ ಕೊಟ್ಟರು. ಮತ್ತೆ ಸ್ಟೀರಾಯ್ಡಾ ಅಂತ ನಾನು ಗಾಬರಿಯಾದೆ. ವೈರಸ್ಸಿನ ಮಾತ್ರೆಯ ಜೊತೆಗೆ, ಒತ್ತಡ ಅಳೆಯುತ್ತಾ ಡಾಕ್ಟರ್ ಕೊಡುವುದು ಬೇರೆ, ಅಂಗಡಿಯಿಂದ ತಂದು ನಾವೇ ಹಾಕುವುದು ಬೇರೆ ಅಂತ ಬಿಡಿಸಿ ಹೇಳಿದರು.

ಇದು ಬಂದಿದ್ದಾದರೂ ಎಲ್ಲಿಂದ? ಅಮ್ಮನಿಗೆ ಏಳೆಂಟು ವರ್ಷ ಇದ್ದಾಗ ಸೀತಾಳೆ ಸಿಡುಬು ಆಗಿತ್ತು. 'ಅಮ್ಮ' ಬಂದಿದೆ ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ಅವರಿಗೆ ಇನ್ನೂ ನೆನಪಿದೆ. ಗುಳ್ಳೆ ಒಣಗಿತು, ಸ್ನಾನ ಮಾಡಿಸಿದರು, ಕಾಯಿಲೆ ಹೋಯಿತು ಅಂದುಕೊಂಡರು. ಅದು ಹೋಗಿರಲಿಲ್ಲ. ಆ ವೈರಸ್ ನರಗಳ ಬುಡದಲ್ಲಿ ಅಡಗಿ ಕೂರುತ್ತದೆ. ಸುಮಾರು 60 ವರ್ಷ ಕೂತಿತ್ತು. ವಯಸ್ಸಾಗಿ, ಸಕ್ಕರೆ ಕಾಯಿಲೆ ಸೇರಿ ಮೈಯ ಶಕ್ತಿ ಕುಂದಿದಾಗ ಎದ್ದು ಒಂದೇ ನರದ ದಾರಿ ಹಿಡಿಯಿತು. ನಮ್ಮ ನರಗಳು ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಅದಕ್ಕೇ ಗುಳ್ಳೆ ನಡುಗೆರೆಯಲ್ಲಿ ನಿಲ್ಲುತ್ತದೆ. ಸೊಂಟಕ್ಕೆ ಬಂದರೆ ಅರ್ಧ ಪಟ್ಟಿ, ಎದೆಗೆ ಬಂದರೆ ಅರ್ಧ ಪಟ್ಟಿ. ತಲೆ ಬಾಲ ಕೂಡುವ ಮಾತು ಹುಟ್ಟಿದ್ದೂ ಆ ಪಟ್ಟಿಯನ್ನು ನೋಡಿಯೇ ಇರಬೇಕು. ಇದನ್ನು ಕೇಳಿದ ಮೇಲೆ ಅಮ್ಮ ಕನ್ನಡಿ ಕೆಳಗಿಟ್ಟರು. ಕಿವಿಯ ಹತ್ತಿರ ಗುಳ್ಳೆ ಬಂದು ಮುಖ ಒಂದು ಕಡೆಗೆ ಸೊಟ್ಟ ಆಗುವುದೂ ಉಂಟಂತೆ. ಅದಕ್ಕೂ ಇದೇ ಅವಸರ ಬೇಕು.

ಕುಕ್ಕೆಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ನಾವೂ ಏಪ್ರಿಲ್‌ನಲ್ಲಿ ಹೋಗಿ ಬಂದೆವು. ಮೊದಲು ಮಾತ್ರೆ, ಆಮೇಲೆ ಕುಕ್ಕೆ. ಅಷ್ಟೇ.

ಇನ್ನೊಂದು ತಪ್ಪು ಆಮೇಲೆ ಗೊತ್ತಾಯಿತು. ಸರ್ಪಸುತ್ತು ಸರ್ಪಸುತ್ತಾಗಿ ಇನ್ನೊಬ್ಬರಿಗೆ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರಿನಲ್ಲಿ ವೈರಸ್ ಇರುತ್ತದೆ. ಸೀತಾಳೆ ಸಿಡುಬು ಆಗದೆ ಇದ್ದವರಿಗೆ, ಲಸಿಕೆ ಹಾಕಿಸದೆ ಇದ್ದವರಿಗೆ ಅದು ತಗಲಿದರೆ ಸೀತಾಳೆ ಸಿಡುಬು ಬರುತ್ತದೆ. ಗುಳ್ಳೆ ಎಲ್ಲ ಒಣಗಿ ಹಕ್ಕಳೆಗಟ್ಟುವವರೆಗೂ ಈ ಅಪಾಯ ಇದೆ. ಡಾಕ್ಟರ್ ಅಮ್ಮನನ್ನು ನೋಡಿದ ಮೇಲೆ, "ಮನೆಯಲ್ಲಿ ಬಸುರಿಯರು ಇದ್ದಾರಾ?" ಅಂತ ಕೇಳಿದಾಗ ನನ್ನ ಎದೆ ಧಸಕ್ ಅಂದಿತು. ತಂಗಿಗೆ ಮೂರನೇ ಕ್ಲಾಸಿನಲ್ಲೇ ಸೀತಾಳೆ ಸಿಡುಬು ಆಗಿತ್ತು. ಅದೇ ಅವಳನ್ನು ಕಾಪಾಡಿತು. ಇಲ್ಲದಿದ್ದರೆ ಬಸುರಿಯರಿಗೆ ಇದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಹೆರಿಗೆಯ ಹೊತ್ತಿಗೆ ಬಂದರೆ ಹುಟ್ಟಿದ ಮಗುವಿನ ಜೀವಕ್ಕೇ ಅಪಾಯ.

ಕೆಲಸಗಾರರ ಲೈನ್ ಮನೆಯ ಮಗುವಿಗೆ ಅಂಥ ಕಾವಲು ಇರಲಿಲ್ಲ. ಅಸ್ಸಾಮಿನಿಂದ ಕೊಯ್ಲಿಗೆ ಬಂದ ಕುಟುಂಬ. ಎರಡೂವರೆ ವರ್ಷದ ಹುಡುಗ ದಿನವೂ ನಮ್ಮ ಅಮ್ಮನ ತೊಡೆ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ಎರಡು ವಾರ ಕಳೆದ ಮೇಲೆ ಅವನ ಮೈತುಂಬ ಗುಳ್ಳೆ. ಜ್ವರಕ್ಕೆ ಅಂಗಡಿಯಿಂದ ಯಾವುದೋ ಮಾತ್ರೆ ತಂದಿದ್ದರು. ಅದನ್ನು ಕೊಡುವ ಮೊದಲೇ ಡಾಕ್ಟರಿಗೆ ತೋರಿಸಿದ್ದು ಒಳ್ಳೆಯದಾಯಿತು. ಈ ಕಾಯಿಲೆಯಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಮೆದುಳಿಗೂ ಲಿವರಿಗೂ ಏಟು ಬೀಳುವ ಸಂಭವ ಇದೆ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು ಅಂದರು. ಇನ್ನೊಂದು ಕಡೆ ನಮ್ಮವರದ್ದು 'ಅಮ್ಮ ಬಂದಾಗ ನೀರು ಮುಟ್ಟಿಸಬಾರದು' ಅನ್ನುವ ಸಲಹೆ. ಸ್ನಾನ ಇಲ್ಲ, ಉಗುರು ಕತ್ತರಿಸಿಲ್ಲ, ಮಗು ಕೆರೆದುಕೊಂಡು ಬೆನ್ನಿನ ಎರಡು ಗುಳ್ಳೆ ಕೀವಾಯಿತು. ಆ್ಯಂಟಿಬಯಾಟಿಕ್ ಕೊಟ್ಟು ಸರಿಮಾಡಿದರು. ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ಒರೆಸುವಾಗ ಉಜ್ಜದೆ ಬಟ್ಟೆ ಒತ್ತಿ ತೆಗೆಯಿರಿ, ಅಷ್ಟೇ ಸಾಕು. ಅವನು ಈಗ ಆರಾಮ.

ಅಮ್ಮ ಆರಾಮ ಇಲ್ಲ. ಹಣೆಯ ಹಕ್ಕಳೆ ಫೆಬ್ರವರಿಯಲ್ಲೇ ಉದುರಿತು. ನೋವು ಮಾತ್ರ ಉಳಿಯಿತು. ಗುಳ್ಳೆ ಎದ್ದು 90 ದಿನ ದಾಟಿದ ಮೇಲೂ ನೋವಿದ್ದರೆ ಅದು ನರದ ನೋವು, ವಯಸ್ಸಾದವರಲ್ಲಿ ಜಾಸ್ತಿ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ ಅಂತ ಡಾಕ್ಟರ್ ಹೇಳಿದ್ದರು. ಈಗ ಒಂಬತ್ತು ತಿಂಗಳು. ಸೆರಗು ತಲೆಗೆ ತಾಗಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಬಲಗಡೆ ಮಗ್ಗುಲಾಗಿ ಮಲಗುವುದಕ್ಕೆ ಆಗುವುದಿಲ್ಲ. ಕುಂಕುಮವನ್ನು ಸ್ವಲ್ಪ ಎಡಕ್ಕೆ ಸರಿಸಿ ಇಡುತ್ತಾರೆ. ಪ್ರಿಗ್ಯಾಬಲಿನ್ ಅಂತ ನರದ ನೋವಿನ ಮಾತ್ರೆ ಕೊಟ್ಟಿದ್ದಾರೆ. ನೋವು ಇಳಿಯುತ್ತದೆ, ತಲೆ ತಿರುಗುತ್ತದೆ. ಮಳೆಗಾಲದಲ್ಲಿ ಹಿತ್ತಲಲ್ಲಿ ಒಮ್ಮೆ ಜಾರಿ ಬಿದ್ದರು. ಆಮೇಲೆ ಡೋಸು ಇಳಿಸಿದರು. ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುತ್ತಿದ್ದವರು ಈ ಸಲ ಹೋಗಲಿಲ್ಲ. ಅಲ್ಲಿಯ ಗಾಳಿ ಹಣೆಗೆ ಬಡಿದರೆ ತಡೆಯುವುದಿಲ್ಲ ಅಂದರು. ತೀರ್ಥವನ್ನು ನಾನೇ ತಂದುಕೊಟ್ಟೆ.

ಇದಕ್ಕೆ ಲಸಿಕೆ ಇದೆ ಅಂತಲೂ ನನಗೆ ಗೊತ್ತಿರಲಿಲ್ಲ. 50 ದಾಟಿದವರಿಗೆ ಎರಡು ಡೋಸು, ಎರಡರಿಂದ ಆರು ತಿಂಗಳ ಅಂತರದಲ್ಲಿ. ನಮ್ಮ ದೇಶದಲ್ಲಿ 2023ರಿಂದ ಸಿಗುತ್ತಿದೆ. ಅಗ್ಗವೇನಲ್ಲ. ಒಂದು ಡೋಸಿಗೇ ಸಾವಿರಗಟ್ಟಲೆ ಕೇಳುತ್ತಾರೆ, ಸರ್ಕಾರದ ಉಚಿತ ಪಟ್ಟಿಯಲ್ಲಿ ಇಲ್ಲ. ಮೈಸೂರಿಗೆ ಓಡಾಡಿದ ಡೀಸೆಲ್ ಲೆಕ್ಕ ಹಾಕಿ, ಈ ಸಲದ ಕಾಫಿ ದುಡ್ಡಿನಲ್ಲಿ ಅಪ್ಪನಿಗೆ ಹಾಕಿಸಿದೆ. ನಿಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಡಾಕ್ಟರ ಹತ್ತಿರ ಒಂದು ಮಾತು ಕೇಳಿ ನೋಡಿ.

ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ಈಗಲೂ ಬಂದು ಅಮ್ಮನ ಕಾಲು ಒತ್ತಿ ಹೋಗುತ್ತಾರೆ. ಸಿಟ್ಟು ಇರುವುದು ಆ ಟ್ಯೂಬಿನ ಮೇಲೆ, ಮತ್ತೆ ಫೋಟೋ ತೋರಿಸಿದರೆ ಸಾಕು ಅಂದುಕೊಂಡ ನನ್ನ ಮೇಲೆ. ಹೋದ ವಾರ ಮೆಡಿಕಲ್ ಶಾಪಿಗೆ ಹೋಗಿ ನಡೆದಿದ್ದೆಲ್ಲ ಹೇಳಿದೆ. ಒಂದು ಕಡೆಗೆ ಮಾತ್ರ ಗುಳ್ಳೆ ಇದ್ದರೆ ಮುಲಾಮು ಕೊಡಬೇಡಿ, ಡಾಕ್ಟರ ಹತ್ತಿರ ಕಳಿಸಿ ಅಂದೆ. ಪಾಪ, ಪೂರ್ತಿ ಕೇಳಿಸಿಕೊಂಡರು. "ಹೌದಾ ಅಣ್ಣ, ಛೇ" ಅಂದರು. ನಾನು ಮೆಟ್ಟಿಲು ಇಳಿಯುವಾಗ ಒಬ್ಬ ಹುಡುಗ ತೋಳು ತೋರಿಸಿ ತುರಿಕೆ ಅಂದ. ಅವರು ಹಿಂದೆ ತಿರುಗದೆಯೇ ಕೈಚಾಚಿ ಅದೇ ಡಬ್ಬಿಯಿಂದ ಟ್ಯೂಬ್ ತೆಗೆದರು.