ಟೆಲಿಸೆರ್ಯೆ ನೋಡಬೇಕೆಂದಿದ್ದೀರಾ? ಮೂರರಲ್ಲಿ ಯಾವುದು ಮೊದಲು

ಫಿಲಿಪೀನ್ಸ್‌ನವರು ತಮ್ಮ ಸೀರಿಯಲ್‌ಗಳನ್ನು ಟೆಲಿಸೆರ್ಯೆ ಅನ್ನುತ್ತಾರೆ. 2000ರಲ್ಲಿ ಎಬಿಎಸ್-ಸಿಬಿಎನ್ ವಾಹಿನಿಯ ‘ಪಂಗಾಕೊ ಸಾಯೊ’ ಬಂದಾಗಿನಿಂದ ಆ ಹೆಸರು ನಿಂತಿತು. ಹೊಸಬರಿಗೆ ಹೇಳಲು ನಾವು ಹೋಲಿಸಿ ನೋಡಿದ್ದು ಮೂರನ್ನು: ಅದೇ ‘ಪಂಗಾಕೊ’ದ 2015ರ ಮರುನಿರ್ಮಾಣ, ‘ಆಂಗ್ ಪ್ರೊಬಿನ್ಸಿಯಾನೊ’, ಮತ್ತು ಎದುರಾಳಿ ವಾಹಿನಿ ಜಿಎಂಎಯ ‘ಮರಿಯಾ ಕ್ಲಾರಾ ಅತ್ ಇಬಾರಾ’.

ಕಥೆಗಿಂತ ಮೊದಲು ಕಂತುಗಳ ಲೆಕ್ಕ ಹಾಕಿ. ಮರಿಯಾ ಕ್ಲಾರಾ 105 ಕಂತು, ವಾರಕ್ಕೆ ಐದರಂತೆ ಸರಿಯಾಗಿ 21 ವಾರ. ಪಂಗಾಕೊ 190. ಪ್ರೊಬಿನ್ಸಿಯಾನೊ 1,696! ದಿನಕ್ಕೆ ಎರಡು ಕಂತು ನೋಡಿದರೂ ಮುಗಿಯಲು ಎರಡು ವರ್ಷ ನಾಲ್ಕು ತಿಂಗಳು ಬೇಕು.

ನಮ್ಮ ಮತ ಮರಿಯಾ ಕ್ಲಾರಾಗೆ. ಈ ಕಾಲದ ನರ್ಸಿಂಗ್ ವಿದ್ಯಾರ್ಥಿನಿ ಕ್ಲೇ, ಪ್ರಾಧ್ಯಾಪಕರು ಕೊಟ್ಟ ಹಳೆಯ ಪುಸ್ತಕ ಓದುತ್ತಾ ಅದರೊಳಗೇ ಹೋಗಿಬಿಡುತ್ತಾಳೆ. ಆ ಪುಸ್ತಕ ಫಿಲಿಪೀನ್ಸ್‌ನ ರಾಷ್ಟ್ರನಾಯಕ, ಲೇಖಕ ಹೊಸೆ ರಿಸಾಲ್ 1887ರಲ್ಲಿ ಪ್ರಕಟಿಸಿದ ಕಾದಂಬರಿ ‘ನೋಲಿ ಮೆ ತಾಂಗೆರೆ’. 1956ರ ಕಾನೂನಿನ ಪ್ರಕಾರ ಅಲ್ಲಿನ ಶಾಲೆ ಕಾಲೇಜುಗಳಲ್ಲಿ ರಿಸಾಲ್ ಪಠ್ಯ ಕಡ್ಡಾಯ, ಹಾಗಾಗಿ ಅಲ್ಲಿಯವರಿಗೆ ಕಥೆ ಮೊದಲೇ ಗೊತ್ತು. ನಮಗೆ ಗೊತ್ತಿಲ್ಲ, ಆದರೆ ಕ್ಲೇಗೂ ಸರಿಯಾಗಿ ಗೊತ್ತಿಲ್ಲ! ಸ್ಪೇನ್ ಆಳುತ್ತಿದ್ದ ಆ ಕಾಲದ ಪಾದ್ರಿಗಳ ದರ್ಪ ಕಂಡು ಅವಳು ಕೆರಳುವಾಗ, ಗಂಡನ ಹೊಡೆತ ತಿನ್ನುವ ಸೀಸಾಳ ಪಕ್ಕ ಅವಳು ನಿಲ್ಲುವಾಗ, ನಮ್ಮ ಪ್ರಶ್ನೆಗಳನ್ನೇ ಅವಳು ಕೇಳುತ್ತಿರುತ್ತಾಳೆ. ಬಾರ್ಬಿ ಫೋರ್ತೇಸಾ ಈ ಪಾತ್ರಕ್ಕೆ ಜೀವ ತುಂಬಿದ್ದಾರೆ. ಎಡವುವ ಜಾಗ ಒಂದಿದೆ: ಕೊನೆಯ ಭಾಗದಲ್ಲಿ ಕಥೆ ರಿಸಾಲರ ಎರಡನೇ ಕಾದಂಬರಿಗೆ ದಾಟಿ, ಹದಿಮೂರು ವರ್ಷ ಮುಂದೆ ಜಿಗಿಯುತ್ತದೆ. ಕಾದಂಬರಿಯ ನಾಯಕ ಇಬಾರಾ ಬೇರೆಯೇ ಹೆಸರಲ್ಲಿ ಮರಳುತ್ತಾನೆ. ಅಲ್ಲಿಗೆ ಬಂದಾಗ ಕಂತು ಬಿಟ್ಟು ನೋಡಬೇಡಿ, ಎಳೆ ಕೈತಪ್ಪುತ್ತದೆ.

ಟೆಲಿಸೆರ್ಯೆಯ ಜೀವಾಳ ಏನೆಂದು ತಿಳಿಯಬೇಕಾದರೆ ಪಂಗಾಕೊ. ಹೆಸರಿನ ಅರ್ಥ ‘ನಿನಗೆ ಕೊಟ್ಟ ಮಾತು’. ಮನೆಗೆಲಸದವಳಾಗಿದ್ದ ಆಮೋರ್ ವರ್ಷಗಳ ನಂತರ ಸಿರಿವಂತೆಯಾಗಿ, ತನ್ನನ್ನು ಹೊರದಬ್ಬಿದ ಬ್ಯೂನವಿಸ್ತಾ ಕುಟುಂಬದ ಮುಂದೆ ಬಂದು ನಿಲ್ಲುತ್ತಾಳೆ. ಇಲ್ಲಿ ಮಾತಿನಲ್ಲಿ ಬರುವ ‘ಪೊ’ ಎಂಬ ಪುಟ್ಟ ಪದಕ್ಕೆ ಕಿವಿಗೊಡಿ. ದೊಡ್ಡವರಿಗೆ, ಯಜಮಾನರಿಗೆ ಅದನ್ನು ಸೇರಿಸುತ್ತಾರೆ. ನಮ್ಮ ‘ರೀ’ ಇದ್ದ ಹಾಗೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ‘ಪೊ’ ಉಳಿಯುವುದಿಲ್ಲ. ಯಾರು ಯಾರಿಗೆ ಅದನ್ನು ಬಿಟ್ಟು ಮಾತಾಡಿದರು ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿಯೇ ಹಿಡಿಯಬೇಕು. ನಟಿಯರಾದ ಜೋಡಿ ಸಾಂತಾ ಮರಿಯಾ (ಆಮೋರ್) ಮತ್ತು ಆಂಜೆಲಿಕಾ ಪಂಗಾನಿಬಾನ್ (ಬ್ಯೂನವಿಸ್ತಾ ಮನೆಯ ಕ್ಲೌಡಿಯಾ) ಎದುರುಬದುರಾಗುವ ದೃಶ್ಯಗಳ ಮುಂದೆ ಯುವಜೋಡಿಯ ಪ್ರೇಮ ಸ್ವಲ್ಪ ಸಪ್ಪೆಯೇ.

ಪ್ರೊಬಿನ್ಸಿಯಾನೊ ಪೊಲೀಸ್ ಕಥೆ. ಕೊಕೊ ಮಾರ್ಟಿನ್ ಮಾಡಿದ ಕಾರ್ಡೊ, ಸತ್ತ ಅವಳಿ ಸಹೋದರನ ಜಾಗದಲ್ಲಿ ನಿಲ್ಲುತ್ತಾನೆ. ಆರಂಭ ಬಿಗಿಯಾಗಿದೆ. ಜನ ಕೈಬಿಡದ ಕಾರಣ ಏಳು ವರ್ಷ ಎಳೆದರು. ಒಬ್ಬ ಖಳ ಸತ್ತರೆ ಅವನಿಗಿಂತ ದೊಡ್ಡವನೊಬ್ಬ ಬರಲೇಬೇಕಾಯಿತು. 2020ರ ಮೇ ತಿಂಗಳಲ್ಲಿ ಪರವಾನಗಿ ಮುಗಿದು ಎಬಿಎಸ್-ಸಿಬಿಎನ್ ವಾಹಿನಿಯೇ ಪ್ರಸಾರ ನಿಲ್ಲಿಸಿದರೂ, ಇದು ಕೇಬಲ್, ಯೂಟ್ಯೂಬ್ ಹಿಡಿದು 2022ರ ಆಗಸ್ಟ್‌ವರೆಗೆ ನಡೆಯಿತು. ಅವಳಿಗಳ ರಹಸ್ಯ ಬಯಲಾಗುವವರೆಗೆ ನೋಡಿ, ಅಲ್ಲಿ ನಿಲ್ಲಿಸಿದರೆ ನಷ್ಟವಿಲ್ಲ.

ಯಾವುದನ್ನು ಹಿಡಿದರೂ ಹತ್ತನೇ ಕಂತಿಗೂ ಸಬ್‌ಟೈಟಲ್ ಇದೆಯೇ ಎಂದು ಮೊದಲೇ ತೆರೆದು ನೋಡಿ. ಹೊಸ ಸೀರಿಯಲ್ ನೇರಪ್ರಸಾರದಲ್ಲಿ ನೋಡುವವರು ಮನಿಲಾ ಸಮಯದಿಂದ ಎರಡೂವರೆ ಗಂಟೆ ಕಳೆಯಿರಿ: ಅಲ್ಲಿನ ರಾತ್ರಿ 8 ನಮಗೆ ಸಂಜೆ 5:30.