ಮುಗಿಲು ಯಾವ ತಳಿ? ನಾಯಿಯ ಡಿಎನ್‌ಎ ಪರೀಕ್ಷೆಯ ಕಿಟ್ ಕುರಿತು ಒಂದು ವಿಮರ್ಶೆ

ಮುಗಿಲು ನಮ್ಮ ಮನೆಗೆ ಬಂದಾಗ ಅದಕ್ಕೆ ಸುಮಾರು ಹದಿನಾಲ್ಕು ತಿಂಗಳಾಗಿರಬೇಕೆಂದು ಪಶುವೈದ್ಯರು ಹಲ್ಲು ನೋಡಿ ಅಂದಾಜಿಸಿದರು. ಭುಜದ ಎತ್ತರ 76 ಸೆಂಟಿಮೀಟರ್, ತೂಕ 48 ಕಿಲೋ. ಬೂದು ಬೆರೆತ ಕಂದು ಮೈಮೇಲೆ ಕಪ್ಪು ಹುಲಿಪಟ್ಟೆ, ತಂತಿಯಂತೆ ಒರಟಾಗಿ ನಿಂತ ಗಿಡ್ಡ ಕೂದಲು, ಕಣ್ಣಿನ ಮೇಲೆ ಇಳಿಬಿದ್ದ ಹುಬ್ಬು, ದಟ್ಟವಾದ ಗಡ್ಡ ಮೀಸೆ, ಇವೆಲ್ಲದರ ಜೊತೆಗೆ ಎರಡೂ ಹಿಂಗಾಲುಗಳ ಒಳಬದಿಯಲ್ಲಿ ನೆಲಕ್ಕೆ ತಾಗದ ಜೋಡಿ ಬೆರಳುಗಳು. ದತ್ತು ಕೊಟ್ಟವರ ಚೀಟಿಯಲ್ಲಿ ‘ಐರಿಷ್ ವುಲ್ಫ್‌ಹೌಂಡ್ ಮಿಶ್ರತಳಿ’ ಎಂದು ಬರೆದಿತ್ತು. ದಾರಿಯಲ್ಲಿ ಎದುರಾದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: ಇದು ಯಾವ ತಳಿ? ಆ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಬೇಕೆನಿಸಿ, ಕೆನ್ನೆಯ ಒಳಗಿನ ಜೀವಕೋಶಗಳಿಂದ ತಳಿ ಪತ್ತೆ ಮಾಡುವ ಡಿಎನ್‌ಎ ಕಿಟ್ ಒಂದನ್ನು ತರಿಸಿಕೊಂಡೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ನನಗೆ ಹೇಳಬೇಕಿರುವುದರಲ್ಲಿ ಹೆಚ್ಚಿನದು ಈ ಬಗೆಯ ಪರೀಕ್ಷೆಗಳಿಗೆಲ್ಲ ಅನ್ವಯಿಸುವಂಥದ್ದು.

ಕಿಟ್ ತರಿಸುವ ಮೊದಲು ಕಣ್ಣಿನಿಂದಲೇ ಗುರುತಿಸುವ ಪ್ರಯತ್ನವನ್ನು ಸಾಕಷ್ಟು ಮಾಡಿದ್ದೆ. ಫೋಟೋ ನೋಡಿ ತಳಿ ಹೇಳುವ ಮೊಬೈಲ್ ಆ್ಯಪ್‌ಗೆ ಒಂದೇ ದಿನ ತೆಗೆದ ಮೂರು ಚಿತ್ರಗಳನ್ನು ಕೊಟ್ಟಾಗ, ನಿಂತ ಚಿತ್ರಕ್ಕೆ ಐರಿಷ್ ವುಲ್ಫ್‌ಹೌಂಡ್ ಎಂದೂ, ಕುಳಿತ ಚಿತ್ರಕ್ಕೆ ಬೂವಿಯೇ ದೆ ಫ್ಲಾಂದ್ರ ಎಂದೂ, ಸ್ನಾನದ ನಂತರ ತೆಗೆದ ಚಿತ್ರಕ್ಕೆ ಆಟರ್‌ಹೌಂಡ್ ಎಂದೂ ಉತ್ತರ ಬಂತು. ಇಂತಹ ಆ್ಯಪ್‌ಗಳು ತಮಗೆ ಕಲಿಸಿಕೊಟ್ಟ ಚಿತ್ರಗಳ ಪೈಕಿ ಯಾವುದಕ್ಕೆ ಹೋಲಿಕೆ ಹೆಚ್ಚೋ ಆ ಹೆಸರನ್ನು ಹೇಳುತ್ತವೆಯೇ ಹೊರತು, ಮಿಶ್ರತಳಿಯ ಮೈಯಲ್ಲಿ ಯಾವುದು ಎಲ್ಲಿಂದ ಬಂತೆಂದು ಬಿಡಿಸಿ ನೋಡಲಾರವು. ಆಮೇಲೆ ತಳಿಗಳ ಅಧಿಕೃತ ಮಾನದಂಡಗಳನ್ನು ಓದತೊಡಗಿದೆ. 1911ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಮಾನ್ಯ ಮಾಡಿರುವ ತಳಿಗಳೇ 350ರ ಆಸುಪಾಸಿನಲ್ಲಿವೆ. ಐರಿಷ್ ವುಲ್ಫ್‌ಹೌಂಡ್‌ನ ಗಂಡಿಗೆ ಕನಿಷ್ಠ 79 ಸೆಂಟಿಮೀಟರ್ ಎತ್ತರವಿರಬೇಕು, ತಲೆ ಉದ್ದವಾಗಿರಬೇಕು, ಕಿವಿ ಚಿಕ್ಕದಾಗಿರಬೇಕು. ಮುಗಿಲಿನ ತಲೆಯಾದರೋ ಅಗಲ, ಕಿವಿ ದೊಡ್ಡದು, ಅದರ ಮೇಲೆ ಆ ಜೋಡಿ ಬೆರಳುಗಳು ಬೇರೆ. ಹಿಂಗಾಲಿನ ಜೋಡಿ ಬೆರಳನ್ನು ತಳಿಯ ಲಕ್ಷಣವೆಂದೇ ಎಣಿಸುವುದು ಗ್ರೇಟ್ ಪಿರನೀಸ್, ಬೋಸೆರಾನ್, ಬ್ರಿಯಾರ್ ಮುಂತಾದ ಕೆಲವೇ ತಳಿಗಳಲ್ಲಿ. ಗಡ್ಡವೂ ಇದೆ, ಜೋಡಿ ಬೆರಳೂ ಇದೆ ಎಂದಮೇಲೆ ಬ್ರಿಯಾರ್ ಆಗಿರಲೇಬೇಕೆಂದು ನಾನು ದೃಢವಾಗಿ ನಂಬಿದೆ, ಹಾಗೆಂದು ಕೆಲವರಿಗೆ ಹೇಳಿಯೂ ಬಿಟ್ಟೆ.

ಕಿಟ್‌ನ ಬಳಕೆಯ ವಿಷಯಕ್ಕೆ ಬರುತ್ತೇನೆ. ಪೆಟ್ಟಿಗೆಯಲ್ಲಿ ಉದ್ದ ಹಿಡಿಯ ಒಂದು ಸ್ವಾಬ್, ದ್ರವ ತುಂಬಿದ ಒಂದು ಕೊಳವೆ, ಮರಳಿ ಕಳುಹಿಸುವ ಲಕೋಟೆ ಮತ್ತು ಅತಿ ಚಿಕ್ಕ ಅಕ್ಷರಗಳ ಒಂದು ಸೂಚನಾಪತ್ರ ಇದ್ದವು. ನಾಯಿ ಏನನ್ನೂ ತಿನ್ನದೆ ಅರ್ಧ ಗಂಟೆಯಾದರೂ ಕಳೆದಿರಬೇಕು, ಇನ್ನೊಂದು ನಾಯಿಯೊಂದಿಗೆ ಬಟ್ಟಲು ಅಥವಾ ಆಟಿಕೆಯನ್ನು ಆಗಷ್ಟೇ ಹಂಚಿಕೊಂಡಿರಬಾರದು, ಸ್ವಾಬ್ ಅನ್ನು ಕೆನ್ನೆಯ ಒಳಗೋಡೆಗೆ ಒತ್ತಿ ಅರ್ಧ ನಿಮಿಷಕ್ಕಿಂತ ಹೆಚ್ಚು ಹೊತ್ತು ಉಜ್ಜಬೇಕು. ಪರೀಕ್ಷೆಗೆ ಮುಖ್ಯವಾಗಿ ಬೇಕಾಗಿರುವುದು ಕೆನ್ನೆಯಿಂದ ಸವೆದು ಬರುವ ಜೀವಕೋಶ. ಆದರೆ ಆ ಮಾತನ್ನು ಸೂಚನಾಪತ್ರ ಎಲ್ಲಿಯೂ ಸ್ಪಷ್ಟವಾಗಿ ಹೇಳದ ಕಾರಣ ನಾನು ಜೊಲ್ಲನ್ನೇ ತುಂಬಿಸಿ ಕಳುಹಿಸಿದೆ. ಮೂರು ವಾರಗಳ ನಂತರ, ಮಾದರಿಯಲ್ಲಿ ಡಿಎನ್‌ಎ ಸಾಕಷ್ಟಿಲ್ಲ ಎಂಬ ಸಂದೇಶ ಬಂತು. ಎರಡನೆಯ ಕಿಟ್ ಅನ್ನು ಅವರು ಉಚಿತವಾಗಿಯೇ ಕಳುಹಿಸಿದರು, ಅದಕ್ಕೆ ಮೆಚ್ಚುಗೆಯಿದೆ. ಆದರೂ ಒಟ್ಟು ಏಳು ವಾರ ಕಾಯಬೇಕಾಯಿತು, ಮತ್ತು ಆ ವಿಳಂಬವನ್ನು ಸೂಚನಾಪತ್ರದ ಒಂದೇ ಒಂದು ವಾಕ್ಯ ತಪ್ಪಿಸಬಹುದಾಗಿತ್ತು.

ವರದಿ ಬಂದಾಗ ಅದರಲ್ಲಿ ಬ್ರಿಯಾರ್‌ನ ಅಂಶ ಸೊನ್ನೆ, ಐರಿಷ್ ವುಲ್ಫ್‌ಹೌಂಡ್‌ನದೂ ಸೊನ್ನೆ. ಗ್ರೇಟ್ ಡೇನ್ ಶೇಕಡಾ 48, ಗ್ರೇಟ್ ಪಿರನೀಸ್ ಶೇಕಡಾ 28, ಸ್ಟ್ಯಾಂಡರ್ಡ್ ಪೂಡಲ್ ಶೇಕಡಾ 19, ಉಳಿದದ್ದು ಹೆಸರು ಹಿಡಿದು ಹೇಳಲಾಗದಷ್ಟು ಸಣ್ಣ ತುಣುಕುಗಳು. ಮೊದಲ ನೋಟಕ್ಕೆ ನಾನು ಇದನ್ನು ನಂಬಲಿಲ್ಲ. ಡೇನ್‌ನ ನುಣುಪಾದ ಮೈ ಎಲ್ಲಿ, ಪಿರನೀಸ್‌ನ ಬೆಳ್ಳಗಿನ ಉದ್ದ ಕೂದಲು ಎಲ್ಲಿ, ಪೂಡಲ್‌ನ ಗುಂಗುರು ಎಲ್ಲಿ? ಮೂರರಲ್ಲಿ ಒಂದರಂತೆಯೂ ಕಾಣದ ನಾಯಿ ಆ ಮೂರರ ಸಂತಾನವಾಗಿರುವುದು ಹೇಗೆ?

ಈ ಸಂದೇಹವನ್ನು ಪರಿಹರಿಸಿದ್ದು ವರದಿಯ ಎರಡನೆಯ ಭಾಗ, ಮತ್ತು ನನ್ನ ಲೆಕ್ಕದಲ್ಲಿ ಇಡೀ ಕಿಟ್‌ನ ನಿಜವಾದ ಬೆಲೆ ಇರುವುದು ಅಲ್ಲಿಯೇ. ಮೈಲಕ್ಷಣಗಳಿಗೆ ಕಾರಣವಾದ ಜೀನ್‌ಗಳನ್ನು ಅದು ಒಂದೊಂದಾಗಿ ತೋರಿಸುತ್ತದೆ. ನಾಯಿಗಳ ಕೂದಲಿನ ವೈವಿಧ್ಯದಲ್ಲಿ ಬಹುಪಾಲನ್ನು ಮೂರೇ ಜೀನ್‌ಗಳ ಜೋಡಣೆಯಿಂದ ವಿವರಿಸಬಹುದೆಂದು 2009ರಲ್ಲಿ ಸಂಶೋಧಕರು ತೋರಿಸಿದ್ದರು: ಉದ್ದಕ್ಕೆ ಎಫ್‌ಜಿಎಫ್5, ಗುಂಗುರಿಗೆ ಕೆಆರ್‌ಟಿ71, ಗಡ್ಡ ಮತ್ತು ಹುಬ್ಬಿಗೆ ಆರ್‌ಎಸ್‌ಪಿಒ2. ಗಡ್ಡದ ರೂಪಾಂತರ, ಅಂದರೆ ಆ ಜೀನ್‌ನ ಬದಲಾದ ರೂಪ, ಪ್ರಬಲವಾದದ್ದು, ತಂದೆ ತಾಯಿಯರಲ್ಲಿ ಒಬ್ಬರಿಂದ ಒಂದೇ ಪ್ರತಿ ಬಂದರೂ ಮುಖದಲ್ಲಿ ಗಡ್ಡ ಮೂಡುತ್ತದೆ. ಉದ್ದ ಕೂದಲಿನ ರೂಪಾಂತರ ಹಾಗಲ್ಲ, ಸಾಮಾನ್ಯವಾಗಿ ಎರಡು ಪ್ರತಿಗಳು ಸೇರಿದರೆ ಮಾತ್ರ ಕೂದಲು ಉದ್ದವಾಗುತ್ತದೆ. ಮುಗಿಲಿಗೆ ಪೂಡಲ್‌ನಿಂದ ಗಡ್ಡದ ಒಂದು ಪ್ರತಿ ಬಂದಿದೆ, ಡೇನ್‌ನಿಂದ ಗಿಡ್ಡ ಕೂದಲಿನ ಒಂದು ಪ್ರತಿ ಬಂದಿದೆ. ಗಿಡ್ಡ ಕೂದಲಿಗೆ ಗಡ್ಡದ ಜೀನ್ ಸೇರಿದಾಗ ಆಗುವುದೇ ವುಲ್ಫ್‌ಹೌಂಡ್‌ಗಳನ್ನು ನೆನಪಿಸುವ ಆ ತಂತಿಯಂಥ ಒರಟು ಮೈ. ಹುಲಿಪಟ್ಟೆ ಡೇನ್‌ನದು, ಎತ್ತರವೂ ಬಹುಮಟ್ಟಿಗೆ ಅದರದೇ. ಜೋಡಿ ಬೆರಳು ಪಿರನೀಸ್‌ನದು. ಐದರಲ್ಲಿ ಒಂದು ಪಾಲೂ ಇಲ್ಲದ ಪೂಡಲ್, ನೋಡುವವರ ಕಣ್ಣು ಮೊದಲು ಹೋಗುವ ಮುಖವನ್ನೇ ಬದಲಿಸಿಬಿಟ್ಟಿದೆ. ಕಣ್ಣಂದಾಜು ತಪ್ಪುವುದು ನೋಡುವವರ ಅಜ್ಞಾನದಿಂದಲ್ಲ, ಬೆರಳೆಣಿಕೆಯ ಜೀನ್‌ಗಳು ರೂಪದ ಮೇಲೆ ಇಷ್ಟೊಂದು ಹಿಡಿತ ಇಟ್ಟುಕೊಂಡಿರುವುದರಿಂದ ಎಂಬುದು ನನಗೆ ಆಗ ಅರ್ಥವಾಯಿತು. ಅಮೆರಿಕದ ವಿಜ್ಞಾನಿಗಳಾದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರಷ್ಟು ಹಿಂದೆಯೇ ಬಸೆಂಜಿ ಮತ್ತು ಕಾಕರ್ ಸ್ಪ್ಯಾನಿಯೆಲ್‌ಗಳನ್ನು ಕೂಡಿಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದ್ದರು. ಎರಡನೆಯ ತಲೆಮಾರಿನ ಮರಿಗಳಲ್ಲಿ ಅಜ್ಜ ಅಜ್ಜಿಯರನ್ನು ಗುರುತಿಸುವುದೇ ಕಷ್ಟವೆನಿಸುವಷ್ಟು ಬಗೆಬಗೆಯ ರೂಪಗಳಿದ್ದವು.

ಇದಕ್ಕೆ ಪುರಾವೆ ವರದಿಯೊಳಗೇ ಸಿಕ್ಕಿತು. ಒಪ್ಪಿಗೆ ಕೊಟ್ಟ ಒಡೆಯರ ನಾಯಿಗಳ ನಡುವೆ ರಕ್ತಸಂಬಂಧಿಗಳನ್ನು ಹುಡುಕಿಕೊಡುವ ಸೌಲಭ್ಯವೊಂದು ಅದರಲ್ಲಿದೆ. ಒಡಹುಟ್ಟಿನಷ್ಟು ಹತ್ತಿರದ ನಾಯಿಯೊಂದರ ಚಿತ್ರ ಅಲ್ಲಿ ಕಾಣಿಸಿತು. ಗಡ್ಡವಿಲ್ಲ, ಹುಬ್ಬಿಲ್ಲ, ಮೈ ನುಣುಪು, ನೋಡಿದರೆ ಅಪ್ಪಟ ಗ್ರೇಟ್ ಡೇನ್. ಗಡ್ಡದ ಆ ಒಂದು ಪ್ರತಿ ಅದರ ಪಾಲಿಗೆ ಬಂದಿರಲಿಲ್ಲ, ಅಷ್ಟೇ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದವೆಂದು ಯಾರೂ ಹೇಳಲಾರರು. ಆ ಚಿತ್ರವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಶೇಕಡಾವಾರು ಅಂಕಿಗಳನ್ನು ಮಾತ್ರ ತುಸು ಸಡಿಲವಾಗಿ ಓದಬೇಕು. ನಾಯಿಗೆ 39 ಜೋಡಿ ವರ್ಣತಂತುಗಳಿದ್ದು, ಪ್ರತಿ ತಲೆಮಾರಿನಲ್ಲೂ ಅವುಗಳ ತುಣುಕುಗಳು ಅದಲುಬದಲಾಗುತ್ತವೆ. ಹೀಗಾಗಿ ಅಜ್ಜನ ಪಾಲು ಸರಿಯಾಗಿ 25 ಆಗಿರಬೇಕೆಂದಿಲ್ಲ, 19 ಅಥವಾ 28 ಆದರೂ ಆಶ್ಚರ್ಯವಿಲ್ಲ. ಕಂಪನಿಗಳು ನಮ್ಮ ನಾಯಿಯ ಡಿಎನ್‌ಎಯನ್ನು ತಮ್ಮಲ್ಲಿರುವ ಶುದ್ಧ ತಳಿಗಳ ಮಾದರಿಗಳೊಂದಿಗೆ ಹೋಲಿಸುತ್ತವೆ, ಆದ್ದರಿಂದ ಅವರ ಸಂಗ್ರಹದಲ್ಲಿ ಇಲ್ಲದ ತಳಿ ವರದಿಯಲ್ಲಿ ತನ್ನ ಹೆಸರಿನಿಂದ ಕಾಣಿಸುವುದೇ ಇಲ್ಲ. ಸಾಕುವವರಿಲ್ಲದೆ ತಲೆಮಾರುಗಳಿಂದ ತಮ್ಮಷ್ಟಕ್ಕೆ ಬದುಕಿಬಂದ ನಾಯಿಗಳ ವಿಷಯದಲ್ಲಿ ಈ ಮಿತಿ ಇನ್ನೂ ದೊಡ್ಡದು, ಏಕೆಂದರೆ ಅವು ಹಲವು ತಳಿಗಳ ಬೆರಕೆಯಾಗಿರಬೇಕೆಂದೇನೂ ಇಲ್ಲ. ಇಷ್ಟಾಗಿಯೂ ವರದಿ ಇವನ್ನೆಲ್ಲ ಕೊನೆಯ ಪುಟದಲ್ಲಿ ಇಟ್ಟು, ಮೊದಲ ಪುಟದಲ್ಲಿ ದಪ್ಪ ಅಂಕಿಗಳನ್ನು ಅಚ್ಚು ಮಾಡಿರುವುದು ಸರಿಯಲ್ಲ.

ಸ್ವಭಾವದ ಕುರಿತ ಪುಟಗಳನ್ನು ನಾನು ಓದಿ ಬದಿಗಿಟ್ಟೆ. ಡೇನ್ ಸೌಮ್ಯ, ಪಿರನೀಸ್ ಕಾವಲಿನದು, ಪೂಡಲ್ ಬುದ್ಧಿವಂತ ಎಂಬ ವಾಕ್ಯಗಳನ್ನು ಶೇಕಡಾವಾರು ಬೆರೆಸಿ ಮುಗಿಲಿನ ಗುಣವೆಂದು ಬರೆದಿದ್ದಾರೆ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಒಡೆಯರು ಕೊಟ್ಟ ಉತ್ತರಗಳನ್ನೂ, 2,000ಕ್ಕೂ ಹೆಚ್ಚು ನಾಯಿಗಳ ಡಿಎನ್‌ಎಯನ್ನೂ ಪರಿಶೀಲಿಸಿದಾಗ, ಒಂದು ನಾಯಿಗೂ ಇನ್ನೊಂದಕ್ಕೂ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇಕಡಾ 9 ಮಾತ್ರ ಎಂದು ತಿಳಿದುಬಂದಿತ್ತು. ಗುಡುಗಿಗೆ ಹೆದರಿ ನನ್ನ ಕಾಲಿನ ನಡುವೆ ತಲೆ ಇಡುವ ಈ ಪ್ರಾಣಿಯನ್ನು ಅರಿಯಲು ನನಗೆ ಆ ಪುಟಗಳು ಬೇಕಾಗಲಿಲ್ಲ.

ಆರೋಗ್ಯದ ಭಾಗ ಬೇರೆಯೇ ಮಾತು. ಕೆಲವು ಔಷಧಗಳನ್ನು ಅಪಾಯಕಾರಿಯಾಗಿಸುವ ಎಂಡಿಆರ್1 ರೂಪಾಂತರ ಮುಗಿಲಿನಲ್ಲಿ ಇಲ್ಲ ಎಂದು ತಿಳಿದದ್ದು ನಿಶ್ಚಿಂತೆ ತಂದಿತು. ವಯಸ್ಸಾದ ಮೇಲೆ ಹಿಂಗಾಲುಗಳ ಬಲ ಕುಂದಿಸುವ ಬೆನ್ನುಹುರಿಯ ಕಾಯಿಲೆಯ ರೂಪಾಂತರದ ಒಂದು ಪ್ರತಿ ಇದೆಯೆಂದು ಕೆಂಪು ಚೌಕದೊಳಗೆ ಬರೆದಿದ್ದನ್ನು ಕಂಡು ಒಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪಾಯ ಹೆಚ್ಚುವುದು ಮುಖ್ಯವಾಗಿ ಎರಡು ಪ್ರತಿಗಳಿದ್ದಾಗ, ಎರಡಿದ್ದರೂ ಕಾಯಿಲೆ ಬಂದೇ ತೀರುತ್ತದೆ ಎಂದಲ್ಲ ಎಂಬುದನ್ನು ಮರುದಿನ ಪಶುವೈದ್ಯರು ವಿವರಿಸಿದರು. ಇಂತಹ ಫಲಿತಾಂಶಕ್ಕೆ ಕೆಂಪು ಬಣ್ಣ ಬಳಿಯುವುದನ್ನು ಕಂಪನಿ ನಿಲ್ಲಿಸಲೇಬೇಕು.

ವೈದ್ಯರ ಗಮನ ಸೆಳೆದದ್ದು ವರದಿಯ ಮೊದಲ ಸಾಲೇ. ಎದೆ ಆಳವಾಗಿರುವ ದೊಡ್ಡ ನಾಯಿಗಳಲ್ಲಿ ಹೊಟ್ಟೆಯೊಳಗೆ ಗಾಳಿ ತುಂಬಿ ಜಠರವೇ ತಿರುಚಿಕೊಳ್ಳುವ ತುರ್ತುಸ್ಥಿತಿಯೊಂದಿದ್ದು, ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಎರವಾಗುವ ಅದರ ಅಪಾಯ ಅತ್ಯಂತ ಹೆಚ್ಚಿರುವ ತಳಿಗಳಲ್ಲಿ ಗ್ರೇಟ್ ಡೇನ್ ಮುಂಚೂಣಿಯಲ್ಲಿದೆ. ಸಂತಾನಹರಣ ಶಸ್ತ್ರಚಿಕಿತ್ಸೆಯ ಸಮಯದಲ್ಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿದರೆ, ಗಾಳಿ ತುಂಬುವುದು ನಿಲ್ಲದಿದ್ದರೂ ತಿರುಚುವಿಕೆಯನ್ನು ಬಹುಮಟ್ಟಿಗೆ ತಡೆಯಬಹುದು. ಚೀಟಿಯಲ್ಲಿದ್ದ ವುಲ್ಫ್‌ಹೌಂಡ್ ಕೂಡ ಆಳವಾದ ಎದೆಯ ನಾಯಿಯೇ, ಆದರೆ ಅಂದಾಜಿನ ಆ ಮಾತನ್ನು ನಂಬಿ ನಾನಾಗಲಿ ವೈದ್ಯರಾಗಲಿ ಈ ಚರ್ಚೆ ತೆಗೆದಿರಲಿಲ್ಲ. ಮುಂದಿನ ತಿಂಗಳು ಎರಡೂ ಚಿಕಿತ್ಸೆಗಳನ್ನು ಒಟ್ಟಿಗೆ ಮಾಡುವುದೆಂದು ದಿನ ಗೊತ್ತುಮಾಡಿ, ಊಟವನ್ನು ದಿನಕ್ಕೆ ಮೂರು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡಬೇಕೆಂದು ಹೇಳಿ, ವರದಿಯ ಒಂದು ಪ್ರತಿಯನ್ನು ವೈದ್ಯರು ಮುಗಿಲಿನ ಕಡತದಲ್ಲಿ ಇಟ್ಟುಕೊಂಡಿದ್ದಾರೆ.