ಮನೆ ಫೋಟೋಗಳಿಗೆ ಯಾವ ಕ್ಲೌಡ್? ಗೂಗಲ್ ಫೋಟೋಸ್, ಐಕ್ಲೌಡ್, ಎಂಟೆ ಬಳಸಿ ನೋಡಿದ ಮೇಲೆ

ಫೋಟೋ ಇಡುವ ಜಾಗ ಹುಡುಕುವಾಗ ಎಲ್ಲರೂ ಮೊದಲು ಕೇಳುವುದು ಒಂದೇ: ಎಷ್ಟು ಜಿಬಿ ಫ್ರೀ? ಆ ಲೆಕ್ಕ ಬೇಗ ಮುಗಿಯುತ್ತದೆ. ತಂಗಿಯ ಮದುವೆ ಫೋಟೋಗಳು, ಅಪ್ಪನ ಕಾಲದ ಆಲ್ಬಂ ಸ್ಕ್ಯಾನ್ ಮಾಡಿದ್ದು, ಮಗಳ ಶಾಲೆಯ ವಿಡಿಯೋಗಳು, ಹೀಗೆ ಒಂದೇ ರಾಶಿಯನ್ನು ಗೂಗಲ್ ಫೋಟೋಸ್, ಆ್ಯಪಲ್‌ನ ಐಕ್ಲೌಡ್, ಎಂಟೆ (Ente) ಅನ್ನುವ ಅಷ್ಟೇನೂ ಹೆಸರಾಗದ ಫೋಟೋ ಆ್ಯಪ್, ಈ ಮೂರರಲ್ಲೂ ಹಾಕಿ ಬಳಸಿ ನೋಡಿದೆ. ಇಡುವುದರಲ್ಲಿ ಮೂರಕ್ಕೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಗೊತ್ತಾಗಿದ್ದು ತೀರ್ಥಹಳ್ಳಿಯ ದೊಡ್ಡಮ್ಮನಿಗೆ ಫೋಟೋ ತೋರಿಸುವಾಗ, ಆಮೇಲೆ ಇಟ್ಟಿದ್ದನ್ನೆಲ್ಲ ವಾಪಸ್ ಇಳಿಸಿಕೊಳ್ಳುವಾಗ.

ಜಾಗದ ಮಾತು ಮೊದಲೇ ಮುಗಿಸಿಬಿಡೋಣ. ಗೂಗಲ್ 15 ಜಿಬಿ ಕೊಡುತ್ತದೆ. ಆದರೆ ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಅದರಲ್ಲೇ ಎಣಿಕೆಯಾಗುತ್ತದೆ. ಐಕ್ಲೌಡ್ ಕೊಡುವುದು 5 ಜಿಬಿ, ಎಂಟೆ 10 ಜಿಬಿ. ಇವು ಎಷ್ಟಕ್ಕೆ ಸಾಲುತ್ತವೆ ಅಂತ ನೋಡಿ. ಐಫೋನಿನಲ್ಲಿ 4ಕೆ ವಿಡಿಯೋ, ಸೆಕೆಂಡಿಗೆ 30 ಫ್ರೇಮ್ ಲೆಕ್ಕದಲ್ಲಿ ತೆಗೆದರೆ, ನಿಮಿಷಕ್ಕೆ ಸುಮಾರು 170 ಎಂಬಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳ ಡ್ಯಾನ್ಸು, ಅವಳ ಫ್ರೆಂಡ್ಸ್ ಡ್ಯಾನ್ಸು, ಮುಖ್ಯ ಅತಿಥಿಗಳ ಭಾಷಣ ಅಂತ 40 ನಿಮಿಷ ತೆಗೆದರೆ ಹತ್ತಿರ ಹತ್ತಿರ 7 ಜಿಬಿ ಹೋಯಿತು. (ಭಾಷಣ ಯಾಕೆ ತೆಗೆಯುತ್ತೇವೋ ದೇವರೇ ಬಲ್ಲ.) 1080ಪಿಗೆ ಇಳಿಸಿದರೆ ನಿಮಿಷಕ್ಕೆ 60 ಎಂಬಿ ಆಗುತ್ತದೆ, ಫೋನಿನಲ್ಲಿ ನೋಡುವವರಿಗೆ ಅದು ಧಾರಾಳ ಸಾಕು. ಆದರೂ ಮಕ್ಕಳಿರುವ ಮನೆಗೆ ಫ್ರೀ ಜಾಗ ಸಾಲುವುದಿಲ್ಲ, ಒಂದಲ್ಲ ಒಂದು ದಿನ ದುಡ್ಡು ಕಟ್ಟಲೇಬೇಕು. ನಾನು ನೋಡಿದಾಗ ಗೂಗಲ್‌ನಲ್ಲಿ 100 ಜಿಬಿಗೆ ತಿಂಗಳಿಗೆ 130 ರೂಪಾಯಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ 1,300. ಐಕ್ಲೌಡ್‌ನಲ್ಲಿ 50 ಜಿಬಿಗೆ 75, 200 ಜಿಬಿಗೆ 219. ಎಂಟೆ ಇವೆರಡಕ್ಕಿಂತ ದುಬಾರಿ. ಮೂರರಲ್ಲೂ ಒಬ್ಬರು ಕಟ್ಟಿದ ಜಾಗವನ್ನು ಮನೆಯ ಇನ್ನೂ ಐದು ಜನ ಹಂಚಿಕೊಳ್ಳಬಹುದು.

ಫ್ರೀ ಅನ್ನುವುದನ್ನು ನಂಬಿ ಕೂರಬಾರದು ಅನ್ನಲು ಹಳೆಯ ಕಥೆಗಳೇ ಸಾಕು. ಫ್ಲಿಕರ್ ಅನ್ನುವ ಫೋಟೋ ಸೈಟ್ 2013ರಲ್ಲಿ ಎಲ್ಲರಿಗೂ 1 ಟಿಬಿ ಕೊಟ್ಟಿತು. 2018ರಲ್ಲಿ ಸ್ಮಗ್‌ಮಗ್ ಅನ್ನುವ ಕಂಪನಿ ಅದನ್ನು ಕೊಂಡ ಮೇಲೆ ಫ್ರೀ ಖಾತೆಗೆ 1,000 ಫೋಟೋ ಮಾತ್ರ ಅಂತಾಯಿತು. ಗೂಗಲ್‌ನದೇ ಫೋಟೋ ಸೇವೆ ಪಿಕಾಸಾ 2016ರಲ್ಲಿ ಮುಚ್ಚಿತು. ಗೂಗಲ್ ಫೋಟೋಸ್ 2015ರಲ್ಲಿ ಶುರುವಾದಾಗ ಎಷ್ಟು ಬೇಕಾದರೂ ಹಾಕಿ ಅಂದಿತ್ತು, 2021ರ ಜೂನ್ 1ಕ್ಕೆ ಅದು ನಿಂತಿತು. ಈಗ ಮೊಬೈಲ್ ಕಂಪನಿಗಳು ಈ ಆಟಕ್ಕೆ ಇಳಿದಿವೆ. 2025ರ ಮೇನಲ್ಲಿ ಏರ್‌ಟೆಲ್ ತನ್ನ ಪೋಸ್ಟ್‌ಪೇಯ್ಡ್ ಮತ್ತು ವೈಫೈ ಗ್ರಾಹಕರಿಗೆ ಗೂಗಲ್ ಒನ್‌ನ (ಗೂಗಲ್‌ನಲ್ಲಿ ದುಡ್ಡು ಕಟ್ಟಿ ಪಡೆಯುವ ಜಾಗದ) 100 ಜಿಬಿಯನ್ನು ಆರು ತಿಂಗಳು ಫ್ರೀ ಅಂತ ಕೊಟ್ಟಿತು. ಆರು ತಿಂಗಳಲ್ಲಿ ನಾವು ತುಂಬಿಸಿಡುತ್ತೇವೆ, ಆಮೇಲೆ ಇಳಿಸಿಕೊಳ್ಳಲು ಸೋಮಾರಿತನ, ಹಾಗಾಗಿ ತಿಂಗಳು ತಿಂಗಳು ಕಟ್ಟುತ್ತೇವೆ. ಗೊತ್ತಿದ್ದೇ ತಗೊಂಡರೆ ತಪ್ಪೇನೂ ಇಲ್ಲ.

ಇನ್ನು ಹಂಚುವ ವಿಷಯ. ನಮ್ಮ ಮನೆಯ ಫೋನುಗಳ ಸ್ಥಿತಿ ಹೀಗಿದೆ: ಡಲ್ಲಾಸ್‌ನಲ್ಲಿರುವ ಅಕ್ಕನ ಮನೆಯಲ್ಲಿ ಎಲ್ಲರದೂ ಐಫೋನ್. ಬೆಂಗಳೂರಿನಲ್ಲಿ ನಾನು, ತಮ್ಮ ಆಂಡ್ರಾಯ್ಡ್. ಊರಿನಲ್ಲಿ ದೊಡ್ಡಮ್ಮನದು ಮಗ ಬಳಸಿ ಬಿಟ್ಟ ಹಳೆಯ ಫೋನ್, ಮಳೆಗಾಲದಲ್ಲಿ ಸಿಗ್ನಲ್ ಇದ್ದರೆ ಉಂಟು ಇಲ್ಲದಿದ್ದರೆ ಇಲ್ಲ. ತಂಗಿಯ ಮದುವೆಯ ಫೋಟೋ ಇವರೆಲ್ಲರಿಗೂ ತಲುಪಬೇಕು.

ವಾಟ್ಸಾಪ್‌ನಲ್ಲೇ ಹಾಕಿದರಾಯಿತಲ್ಲ ಅನ್ನಬಹುದು. ನೋಡಿ ಖುಷಿಪಡಲು ಸರಿ. ಆದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ತೆಗೆದ ದಿನಾಂಕವನ್ನೂ ಫೈಲಿನಿಂದ ಅಳಿಸುತ್ತದೆ. ಹತ್ತು ವರ್ಷ ಬಿಟ್ಟು ನೋಡಿದರೆ ಧಾರೆಯ ಫೋಟೋಗೆ ಯಾರೋ ಫಾರ್ವರ್ಡ್ ಮಾಡಿದ ದಿನದ ತಾರೀಖು ಇರುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಸ್ವಲ್ಪ ವಾಸಿ. ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲೇ ಹೋಗುತ್ತದೆ, ಆದರೆ ಇನ್ನೂರು ಫೋಟೋವನ್ನು ಹಾಗೆ ಕಳಿಸಿ ನೋಡಿ, ಗ್ರೂಪಿನವರು ಬೈಯುತ್ತಾರೆ.

ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಮಾಡಿ ಲಿಂಕ್ ಕಳಿಸಿದರೆ ಯಾವ ಫೋನಿನಲ್ಲಾದರೂ ತೆರೆಯುತ್ತದೆ. ನೋಡಲು ಖಾತೆ ಬೇಡ, ಆ್ಯಪ್ ಬೇಡ. ದೊಡ್ಡಮ್ಮ ಒತ್ತಿದರು, ಬಂತು, ನೋಡಿದರು. ಮೊದಲು ಚಿಕ್ಕ ಗಾತ್ರದಲ್ಲಿ ತೋರಿಸಿ, ಒತ್ತಿದಾಗ ದೊಡ್ಡದು ತರುವುದರಿಂದ ಮಂದ ಸಿಗ್ನಲ್‌ನಲ್ಲೂ ಕೆಲಸ ನಡೆಯುತ್ತದೆ. ಹಂಚುವುದರಲ್ಲಿ ಇದನ್ನು ಮೀರಿಸಿದ್ದು ನನಗೆ ಸಿಗಲಿಲ್ಲ. ಒಂದು ಕೊರತೆ ಅಂದರೆ, ಬೇರೆಯವರು ತಮ್ಮ ಫೋಟೋ ಸೇರಿಸಬೇಕಾದರೆ ಅವರಿಗೆ ಗೂಗಲ್ ಖಾತೆ ಬೇಕು. ಯಾರು ಸೇರಿಸುತ್ತಾರೋ ಅವರ ಜಾಗವೇ ಖರ್ಚಾಗುತ್ತದೆ.

ಐಕ್ಲೌಡ್‌ನ ಕಥೆ ಬೇರೆ. ಎಲ್ಲರ ಕೈಯಲ್ಲೂ ಐಫೋನ್ ಇದ್ದರೆ ಅದರಷ್ಟು ಸಲೀಸು ಇನ್ನೊಂದಿಲ್ಲ. 2022ರಲ್ಲಿ ಬಂದ ಶೇರ್ಡ್ ಲೈಬ್ರರಿಯಲ್ಲಿ ಆರು ಜನ ಸೇರಿ ಒಂದೇ ಸಂಗ್ರಹ ಇಟ್ಟುಕೊಳ್ಳಬಹುದು, ಫೋಟೋಗಳು ಪೂರ್ತಿ ಗಾತ್ರದಲ್ಲೇ ಇರುತ್ತವೆ. ಅಕ್ಕ, ಭಾವ, ಮಕ್ಕಳು ಅದನ್ನೇ ಬಳಸುವುದು. ಅಕ್ಕನ ಮನೆಯಿಂದ ಹೊರಗಿನವರಿಗೆ ಮಾತ್ರ ಶೇರ್ಡ್ ಆಲ್ಬಂ ಬೇಕು. ಅದರಲ್ಲಿ ಫೋಟೋದ ಉದ್ದದ ಬದಿಯನ್ನು 2048 ಪಿಕ್ಸೆಲ್‌ಗೆ ಇಳಿಸುತ್ತಾರೆ, ವಿಡಿಯೋ 720ಪಿ ಆಗುತ್ತದೆ. ಜಾಗದ ಲೆಕ್ಕಕ್ಕೆ ಅದು ಬರುವುದಿಲ್ಲ ಅನ್ನುವುದು ನಿಜ. ಆದರೆ 2048 ಪಿಕ್ಸೆಲ್ ಅಂದರೆ ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಏಳು ಇಂಚಿಗೂ ಸ್ವಲ್ಪ ಕಡಿಮೆ. 4×6 ಪ್ರಿಂಟ್ ಚೆನ್ನಾಗಿ ಬರುತ್ತದೆ. ಗೋಡೆಗೆ ಫ್ರೇಮ್ ಹಾಕಿಸಲು ಮೂಲ ಫೈಲ್ ಕೇಳಬೇಕು. ಹೋಲಿಕೆಗೆ ಹೇಳುವುದಾದರೆ, ಗೂಗಲ್‌ನ ಸ್ಟೋರೇಜ್ ಸೇವರ್ ಆಯ್ಕೆ ಫೋಟೋವನ್ನು 16 ಮೆಗಾಪಿಕ್ಸೆಲ್‌ಗೆ ಇಳಿಸುತ್ತದೆ. ಅಷ್ಟಿದ್ದರೆ 24×16 ಇಂಚಿನವರೆಗೂ ಪ್ರಿಂಟ್ ತೆಗೆಯಬಹುದು. ಆಂಡ್ರಾಯ್ಡ್‌ನವರು ಐಕ್ಲೌಡ್ ಆಲ್ಬಂ ಅನ್ನು ವೆಬ್ ಲಿಂಕಿನಲ್ಲಿ ನೋಡಬಹುದು, ಅಷ್ಟೇ. ನಾನು, ತಮ್ಮ ಆ ಮನೆಗೆ ಬಾಗಿಲಲ್ಲೇ ನಿಂತು ಮಾತಾಡಿಸುವ ನೆಂಟರಿದ್ದ ಹಾಗೆ.

ಎಂಟೆ ಹೆಸರು ಕೇಳದವರೇ ಜಾಸ್ತಿ. ಬೆಂಗಳೂರಿನ ನಂಟಿರುವ ಚಿಕ್ಕ ಕಂಪನಿ. ಫೋಟೋ ನಮ್ಮ ಫೋನಿನಲ್ಲೇ ಗೂಢಲಿಪಿಯಾಗಿ ಆಮೇಲೆ ಮೇಲೆ ಹೋಗುತ್ತದೆ, ಹಾಗಾಗಿ ಕಂಪನಿಯವರೂ ಅದನ್ನು ನೋಡಲಾರರು. ಮುಖ ಗುರುತಿಸುವ ಕೆಲಸವೂ ಫೋನಿನಲ್ಲೇ ನಡೆಯುತ್ತದೆ. ಮೊದಲ ಸಲ ಎಲ್ಲ ಹಾಕುವಾಗ ಫೋನ್ ಬಿಸಿಯಾಗುತ್ತದೆ, ರಾತ್ರಿ ಚಾರ್ಜಿಗೆ ಹಾಕಿ ಬಿಡುವುದು ಒಳ್ಳೆಯದು. ಹಂಚುವುದರಲ್ಲಿ ಇದರ ಒಂದು ಗುಣ ನನಗೆ ತುಂಬಾ ಹಿಡಿಸಿತು. ಲಿಂಕ್ ಇದ್ದವರು ಖಾತೆ ಇಲ್ಲದೆಯೇ ತಮ್ಮ ಫೋಟೋಗಳನ್ನೂ ಆಲ್ಬಂಗೆ ಸೇರಿಸಬಹುದು. ಬೀಗರ ಔತಣದ ದಿನ ಇಪ್ಪತ್ತು ಫೋನುಗಳಲ್ಲಿ ಇಪ್ಪತ್ತು ಥರದ ಫೋಟೋ ಇರುತ್ತದಲ್ಲ, ಅದನ್ನೆಲ್ಲ ಒಂದೆಡೆ ಸೇರಿಸಲು ಹೇಳಿ ಮಾಡಿಸಿದ್ದು. ಲಿಂಕಿಗೆ ಪಾಸ್‌ವರ್ಡ್ ಇಡಬಹುದು, ಇಂಥ ದಿನಕ್ಕೆ ಮುಗಿಯಲಿ ಅಂತಲೂ ಹೇಳಬಹುದು. ನಾನು ಪಾಸ್‌ವರ್ಡ್ ಇಟ್ಟು ಕಳಿಸಿದೆ. ಸಂಜೆಗೆ ದೊಡ್ಡಮ್ಮನ ಫೋನ್ ಬಂತು. "ಎಂಥದೋ ಇದು, ಪಾಸ್‌ವರ್ಡ್ ಕೇಳ್ತದೆ. ನನ್ನ ಹತ್ರ ಎಲ್ಲಿಂದ ಬರ್ಬೇಕು ಪಾಸ್‌ವರ್ಡು? ನೀನು ಸುಮ್ನೆ ಮೊದಲಿನ ಹಾಗೇ ಕಳ್ಸು ಮಾರಾಯ." ಹೇಳಿದ್ದು ಸರಿಯೇ ಅಲ್ವಾ? ಕಾವಲು ಜಾಸ್ತಿಯಾದಷ್ಟೂ ನೋಡುವವರು ಕಡಿಮೆಯಾಗುತ್ತಾರೆ.

ಹಾಗಂತ ಬೇಲಿಯೇ ಬೇಡ ಅನ್ನುವಂತಿಲ್ಲ. ಲಿಂಕ್ ಅಂದರೆ ಅದು ಯಾರ ಕೈಗೆ ಸಿಕ್ಕರೂ ತೆರೆಯುತ್ತದೆ. ನಮ್ಮ ಗ್ರೂಪಿನಿಂದ ಬೀಗರ ಗ್ರೂಪಿಗೆ, ಅಲ್ಲಿಂದ ಅವರ ಆಫೀಸಿನ ಗ್ರೂಪಿಗೆ ಹೋಗಲು ಎಷ್ಟು ಹೊತ್ತು? ಗೂಗಲ್ ಆಲ್ಬಂನ ಆಯ್ಕೆಗಳಲ್ಲಿ ಫೋಟೋ ತೆಗೆದ ಸ್ಥಳ ತೋರಿಸುವುದನ್ನು ಆಫ್ ಮಾಡುವ ಬಟನ್ ಇದೆ. ಮನೆಯಲ್ಲಿ ತೆಗೆದ ಫೋಟೋ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಎಲ್ಲರೂ ನೋಡಿ ಮುಗಿದ ಮೇಲೆ ಲಿಂಕನ್ನೂ ನಿಲ್ಲಿಸಬಹುದು. ಮಕ್ಕಳ ಫೋಟೋ ಇರುವ ಆಲ್ಬಂಗೆ ನಾನು ಲಿಂಕ್ ಮಾಡುವುದೇ ಇಲ್ಲ, ಹೆಸರು ಹಿಡಿದು ಸೇರಿಸುತ್ತೇನೆ.

ಮಕ್ಕಳ ಫೋಟೋ ವಿಷಯದಲ್ಲಿ ಇನ್ನೊಂದು ಭಯವೂ ಇದೆ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದ ಪ್ರಕರಣ ನೆನಪಿರಬಹುದು. ಅಮೆರಿಕದ ತಂದೆಯೊಬ್ಬರು ಮಗುವಿನ ಕಾಯಿಲೆಯನ್ನು ಡಾಕ್ಟರಿಗೆ ತೋರಿಸಲು ಫೋಟೋ ತೆಗೆದಿದ್ದರು. ಗೂಗಲ್‌ನ ಯಾಂತ್ರಿಕ ತಪಾಸಣೆ ಅದನ್ನು ಅಶ್ಲೀಲ ಅಂದುಕೊಂಡಿತು. ಪೊಲೀಸರು ತಪ್ಪಿಲ್ಲ ಅಂದರೂ ಖಾತೆ ವಾಪಸ್ ಸಿಗಲಿಲ್ಲ. ಫೋಟೋ ಮಾತ್ರವಲ್ಲ, ಇಮೇಲೂ ಹೋಯಿತು. ಅಪರೂಪದ ಪ್ರಕರಣವೇ. ಆದರೂ ಬ್ಯಾಂಕು, ಇಮೇಲು, ಫೋಟೋ ಎಲ್ಲ ಒಂದೇ ಖಾತೆಗೆ ಕಟ್ಟಿಹಾಕಿದ್ದರೆ ಒಮ್ಮೆ ಯೋಚಿಸಬೇಕು. ಆ್ಯಪಲ್ 2022ರ ಕೊನೆಯಲ್ಲಿ ತಂದ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಿದರೆ ಐಕ್ಲೌಡ್ ಫೋಟೋಗಳಿಗೂ ಎಂಟೆಯಂಥದೇ ಬೀಗ ಬೀಳುತ್ತದೆ. ಅದು ತಾನಾಗಿ ಆನ್ ಇರುವುದಿಲ್ಲ, ನಾವೇ ಮಾಡಬೇಕು. ಎರಡರಲ್ಲೂ ಬೀಗದ ಕೈ ನಮ್ಮದೇ. ಪಾಸ್‌ವರ್ಡೂ ಮರೆತು ರಿಕವರಿ ಕೀಯೂ ಕಳೆದರೆ ಕಂಪನಿಯವರು ಏನೂ ಮಾಡಲಾರರು. ಎಂಟೆ ರಿಕವರಿ ಕೀಯಾಗಿ ಕೊಡುವ 24 ಪದಗಳನ್ನು ಕಾಗದದಲ್ಲಿ ಬರೆದು ಎಲ್‌ಐಸಿ ಬಾಂಡ್ ಇಡುವ ಬೀರುವಿನಲ್ಲೇ ಇಟ್ಟಿದ್ದೇನೆ. ಹೆಂಡತಿಗೂ ಗೊತ್ತು.

ಈಗ ವಾಪಸ್ ಇಳಿಸುವ ಕೆಲಸ. ಇದನ್ನು ಯಾರೂ ಮೊದಲೇ ಪರೀಕ್ಷೆ ಮಾಡುವುದಿಲ್ಲ, ಮಾಡಬೇಕು. ಗೂಗಲ್‌ನಲ್ಲಿ ಟೇಕ್‌ಔಟ್ ಅಂತ ಇದೆ. ಕೇಳಿದರೆ ಜಿಪ್ ಫೈಲುಗಳನ್ನು ಮಾಡಿ ಲಿಂಕ್ ಕಳಿಸುತ್ತಾರೆ, ಅದು ಸುಮಾರು ಒಂದು ವಾರ ಇರುತ್ತದೆ. ಸ್ವಲ್ಪ ಸ್ವಲ್ಪವಾಗಿ ಇಳಿಸೋಣ ಅಂತ ಬಿಟ್ಟರೆ ಮತ್ತೆ ಕೇಳಬೇಕು. ಐಕ್ಲೌಡ್‌ನಲ್ಲಿ ಆ್ಯಪಲ್‌ನ ಪ್ರೈವಸಿ ಪುಟದಿಂದ ಪ್ರತಿ ಕೇಳಬಹುದು, ಇಲ್ಲವೇ ಮ್ಯಾಕ್‌ನಲ್ಲಿ ಮೂಲ ಫೋಟೋಗಳನ್ನೇ ಇಳಿಸಿಡು ಅಂತ ಹೇಳಬಹುದು. ಫೋಟೋಗಳು ಎಚ್‌ಇಐಸಿ ರೂಪದಲ್ಲಿ ಬರುತ್ತವೆ, ಊರಿನ ಸ್ಟುಡಿಯೋದ ಹಳೆಯ ಕಂಪ್ಯೂಟರಿನಲ್ಲಿ ತೆರೆಯದೇ ಹೋಗಬಹುದು. ಸುಲಭ ಅನ್ನಿಸಿದ್ದು ಎಂಟೆ. ಅದರ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಒಂದು ಫೋಲ್ಡರ್ ತೋರಿಸಿದರೆ ಸಾಕು, ಆಲ್ಬಂ ಪ್ರಕಾರ ಇಳಿಸುತ್ತದೆ. ಹೊಸದು ಬಂದಾಗ ಅದನ್ನೂ ಸೇರಿಸಿಕೊಳ್ಳುತ್ತದೆ.

ಆದರೆ ಅಪ್ಪನ ಆಲ್ಬಂ ಸ್ಕ್ಯಾನ್ ಮಾಡಿದವರು ಇಲ್ಲಿ ಎಚ್ಚರ ವಹಿಸಬೇಕು. ಸ್ಕ್ಯಾನ್ ಮಾಡಿದ ಫೋಟೋಗೆ ಸ್ಕ್ಯಾನ್ ಮಾಡಿದ ದಿನದ ತಾರೀಖೇ ಇರುತ್ತದೆ. ನಾವು ಆ್ಯಪ್‌ನಲ್ಲಿ ಕೂತು ಇದು 1978, ಇದು 1984 ಅಂತ ಸರಿಮಾಡುತ್ತೇವೆ. ಆ ತಿದ್ದುಪಡಿ ಫೋಟೋ ಫೈಲಿನೊಳಗೆ ಹೋಗುವುದಿಲ್ಲ. ಟೇಕ್‌ಔಟ್ ಮಾಡಿದಾಗ ಪಕ್ಕದ ಜೇಸನ್ ಅನ್ನುವ ಇನ್ನೊಂದು ಫೈಲಿನಲ್ಲಿ ಬರುತ್ತದೆ. ಎಂಟೆಯಲ್ಲೂ ಹಾಗೇ. ಗೂಗಲ್‌ನ ಆ ಜೇಸನ್ ಫೈಲನ್ನು ಎಂಟೆ ಓದಿಕೊಳ್ಳುತ್ತದೆ, ಅಲ್ಲಿಂದ ಇಲ್ಲಿಗೆ ಬರುವವರಿಗೆ ತೊಂದರೆಯಿಲ್ಲ. ಬರೀ ಹಾರ್ಡ್ ಡಿಸ್ಕಿಗೆ ಹಾಕಿಕೊಂಡವರಿಗೆ ಅಜ್ಜಿಯ ಫೋಟೋ ಈ ವರ್ಷದ್ದಾಗಿ ಕಾಣುತ್ತದೆ. ದಾರಿ ಒಂದೇ: ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ತಾರೀಖನ್ನು ಫೈಲಿನೊಳಗೆ ಬರೆಯುವುದು. ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಅನ್ನುವ ಸಾಫ್ಟ್‌ವೇರ್ ಎರಡೂ ಫ್ರೀ, ಎರಡರಲ್ಲೂ ಆಗುತ್ತದೆ. ಡಿಜಿಕ್ಯಾಮ್ ಕಣ್ಣಿಗೆ ಕಾಣುವಂತಿದೆ, ಅದೇ ಸುಲಭ.

ಇನ್ನೊಂದು ಮಾತು. ಐಕ್ಲೌಡ್ ಅಂತೂ ಫೋನಿಗೆ ಕಟ್ಟಿದ ನೆರಳು. ಜಾಗ ಖಾಲಿ ಮಾಡೋಣ ಅಂತ ಐಫೋನಿನಲ್ಲಿ ಫೋಟೋ ಅಳಿಸಿದರೆ ಐಕ್ಲೌಡ್‌ನಲ್ಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ ಐಕ್ಲೌಡ್ ಮತ್ತು ಎಂಟೆ 30 ದಿನ ಇಟ್ಟಿರುತ್ತವೆ, ಗೂಗಲ್ ಬ್ಯಾಕಪ್ ಆದದ್ದನ್ನು 60 ದಿನ. ಫೋನಿನ ಜಾಗ ಮಾತ್ರ ಉಳಿಸಬೇಕಾದರೆ ಗೂಗಲ್‌ನಲ್ಲಿ ಫ್ರೀ ಅಪ್ ಸ್ಪೇಸ್, ಐಫೋನಿನಲ್ಲಿ ಆಪ್ಟಿಮೈಸ್ ಸ್ಟೋರೇಜ್ ಬಳಸಬೇಕು.

ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಒನ್‌ಡ್ರೈವ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವರ್ಡ್, ಎಕ್ಸೆಲ್‌ಗೆ ಅಂತ ಮೈಕ್ರೋಸಾಫ್ಟ್ 365 ಫ್ಯಾಮಿಲಿ ಈಗಾಗಲೇ ತಗೊಂಡಿದ್ದರೆ ಆರು ಜನಕ್ಕೆ ತಲಾ 1 ಟಿಬಿ ಬರುತ್ತದೆ, ಬಿಡಬೇಡಿ. ಫೋಟೋಗೆ ಅಂತಲೇ ತಗೊಳ್ಳುವಂಥದ್ದಲ್ಲ. ಟೆಲಿಗ್ರಾಂನಲ್ಲಿ 2 ಜಿಬಿವರೆಗಿನ ಫೈಲ್ ಹೋಗುತ್ತದೆ, ಎಷ್ಟೋ ಜನ ಅದನ್ನೇ ಗೋದಾಮು ಮಾಡಿಕೊಂಡಿದ್ದಾರೆ. ಅಲ್ಲಿ ಐದು ವರ್ಷದ ಹಿಂದಿನ ಫೋಟೋ ಹುಡುಕುವ ತಾಳ್ಮೆ ನನಗಿಲ್ಲ. ಮದುವೆ ಫೋಟೋಗ್ರಾಫರ್ ಕೊಡುವ ಲಿಂಕನ್ನಂತೂ ಬಂದ ವಾರದಲ್ಲೇ ಇಳಿಸಿಕೊಳ್ಳಿ. ನಮಗೆ ಕೊಟ್ಟ ಲಿಂಕ್ ಮೂರು ತಿಂಗಳಿಗೆ ಸತ್ತಿತ್ತು, ಪೆನ್‌ಡ್ರೈವ್ ಇದ್ದಿದ್ದಕ್ಕೆ ಬಚಾವ್.

ಸದ್ಯಕ್ಕೆ ನಮ್ಮ ಮನೆಯಲ್ಲಿ ಹಂಚಲು ಗೂಗಲ್ ಫೋಟೋಸ್, 100 ಜಿಬಿ, ಎಲ್ಲರಿಗೂ ಸೇರಿ. ಮಗಳ ಫೋಟೋ ಮತ್ತು ಅಪ್ಪನ ಆಲ್ಬಂ ಎಂಟೆಯಲ್ಲಿ. ಅದು ಇಳಿಸುವ ಫೋಲ್ಡರ್ ಹಾರ್ಡ್ ಡಿಸ್ಕಿನಲ್ಲಿದೆ, ತಿಂಗಳಿಗೊಮ್ಮೆ ಚುಚ್ಚಿದರೆ ಸಾಕು. ಅಕ್ಕನವರು ಐಕ್ಲೌಡ್ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅಲ್ಲಿನ ಫೋಟೋ ನಮಗೆ ಬೇಕಾದಾಗ ಅಕ್ಕನೇ ಗೂಗಲ್ ಆಲ್ಬಂಗೆ ಹಾಕುತ್ತಾಳೆ. ನೀವು ಹೊಸದಾಗಿ ಶುರು ಮಾಡುವುದಾದರೆ ನೂರು ಫೋಟೋ ಮಾತ್ರ ಹಾಕಿ, ಮನೆಯ ಹಿರಿಯರಿಗೆ ಲಿಂಕ್ ಕಳಿಸಿ, ಆಮೇಲೆ ಆ ನೂರನ್ನೂ ವಾಪಸ್ ಇಳಿಸಿ ತಾರೀಖು ಸರಿಯಿದೆಯಾ ನೋಡಿ. ಉಳಿದ ಹತ್ತು ಸಾವಿರ ಹಾಕುವುದು ಅದಾದ ಮೇಲೆ.